ಕನ್ನಡಿಯೆದುರು ಬಾಯಿ ತೆರೆಯಲು ನಮಗೇಕೆ ಅಂಜಿಕೆ?

ರಮಝಾನಿನ ಒಂದು ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ವಿಜಯಪುರದ ಯಾವುದೋ ಗಲ್ಲಿಯ ಮಸೀದಿ. ಖರ್ಜೂರದಿಂದ ಉಪವಾಸ ತೊರೆದ ಯುವಕನೊಬ್ಬನ ಮುಂದೆ ಮಿರ್ಚಿ ಭಜಿಯ ತಟ್ಟೆ ಬರುತ್ತದೆ. ಅವನು ಅದನ್ನು ಮೆಲ್ಲನೆ ಪಕ್ಕದವನತ್ತ ಸರಿಸುತ್ತಾನೆ. ಖಾರ ತಾಕಿದರೆ ಅವನ ಬಾಯಿ ಉರಿಯುತ್ತದೆ. ಬಾಳೆಹಣ್ಣನ್ನು ಕಚ್ಚಿ ತಿನ್ನಲಾರ, ಬೆರಳಿನಿಂದ ಮುರಿದು ಚೂರು ಚೂರಾಗಿ ಒಳಗೆ ಸೇರಿಸುತ್ತಾನೆ. ಮಗ್‌ರಿಬ್ ನಮಾಝ್ ಮುಗಿದು ಮೆಟ್ಟಿಲಿಳಿಯುವಾಗ ಅವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಒಂದು ಪೊಟ್ಟಣ ಹರಿದು, ಇನ್ನೊಂದು ಪೊಟ್ಟಣ ಬೆರೆಸಿ, ಹಗಲಿಡೀ ತಡೆದದ್ದನ್ನು ಅವನು ಬಾಯಿಗೆ ಸುರಿದುಕೊಳ್ಳುತ್ತಾನೆ.

ಈ ಯುವಕನಿಗೆ ಹೆಸರಿಡುವ ಅಗತ್ಯವಿಲ್ಲ. ತಿಕೋಟಾದ ದ್ರಾಕ್ಷಿ ತೋಟದಲ್ಲಿ, ಬಬಲೇಶ್ವರದ ಬಸ್ ನಿಲ್ದಾಣದಲ್ಲಿ, ವಿಜಯಪುರದ ಗ್ಯಾರೇಜು ಮತ್ತು ಆಟೋ ಸ್ಟ್ಯಾಂಡುಗಳಲ್ಲಿ ಇವನನ್ನು ಓದುಗರು ದಿನವೂ ಕಾಣುತ್ತಿದ್ದಾರೆ. ಅನೇಕರ ಪಾಲಿಗೆ ಇವನು ಸ್ವಂತ ಮಗ ಅಥವಾ ತಮ್ಮ. ಅವನು ಖಾರ ಬಿಟ್ಟದ್ದನ್ನು ತಾಯಿ ಗಮನಿಸಿದ್ದಾಳೆ, ಮಾತು ತೊದಲುವುದನ್ನು ಪತ್ನಿ ಗಮನಿಸಿದ್ದಾಳೆ. ಆದರೆ “ಬಾಯಿ ತೆರೆ, ನೋಡೋಣ” ಎಂದು ಹೇಳಿದವರು ಯಾರೂ ಇಲ್ಲ. ನಮ್ಮ ತಕರಾರು ಇರುವುದು ಈ ಮೌನದ ಮೇಲೆ. ತಂಬಾಕು ಕೆಟ್ಟದ್ದೆಂಬುದು ಯಾರಿಗೆ ತಾನೇ ತಿಳಿಯದು? ಪೊಟ್ಟಣದ ಎರಡೂ ಬದಿಗಳಲ್ಲಿ ಶೇ. 85 ಭಾಗವನ್ನು ಎಚ್ಚರಿಕೆಯ ಚಿತ್ರವೇ ಆಕ್ರಮಿಸಿಕೊಂಡಿದೆ. ತಿಳಿಯದಿರುವುದು ಇನ್ನೊಂದು ವಿಷಯ. ಬಾಯಿಯ ಕ್ಯಾನ್ಸರ್ ಬಹುತೇಕ ಹೇಳದೆ ಕೇಳದೆ ಬರುವ ಅತಿಥಿಯಲ್ಲ. ಅನೇಕ ಸಲ ಅದು ವರ್ಷಗಳ ಮೊದಲೇ ಬಿಳಿ ಅಕ್ಷರದಲ್ಲಿ ನೋಟಿಸು ಬರೆದು ಕೆನ್ನೆಯ ಒಳಗೋಡೆಗೆ ಅಂಟಿಸಿರುತ್ತದೆ. ಅದನ್ನು ಓದುವವರಿಲ್ಲ, ಅಷ್ಟೇ.

ಬಿಳಿ ಮಚ್ಚೆ ಹೇಳುವುದೇನು?

ತಂಬಾಕು ಬಾಯಿಯಲ್ಲಿ ಎರಡು ಬಗೆಯ ಗುರುತುಗಳನ್ನು ಬಿಡುತ್ತದೆ. ಮೊದಲನೆಯದು ಹಲ್ಲಿನ ಕರೆ, ತುಟಿಯ ಕಪ್ಪು, ಒಸಡಿನ ಕಂದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದ್ದರಿಂದಲೇ ಮದುವೆ ನಿಶ್ಚಯವಾದೊಡನೆ ಮದುಮಗನನ್ನು ದಂತವೈದ್ಯರಲ್ಲಿಗೆ ಕರೆದೊಯ್ದು ಹಲ್ಲು ಬೆಳ್ಳಗೆ ಮಾಡಿಸುತ್ತೇವೆ. ಎರಡನೆಯದು ಒಳಗಿನ ಬಿಳುಪು. ಇದು ಫೋಟೋದಲ್ಲಿ ಕಾಣಿಸುವುದಿಲ್ಲ, ನೋವು ಕೊಡುವುದಿಲ್ಲ. ಹೀಗಾಗಿ ಇದಕ್ಕೆ ಯಾರೂ ಚಿಂತಿಸುವುದಿಲ್ಲ. ಅಪಾಯ ಇರುವುದು ಎರಡನೆಯದರಲ್ಲೇ.

ಸುಣ್ಣ ತಿಕ್ಕಿದ ತಂಬಾಕನ್ನು ಕೆಳತುಟಿಯ ಒಳಗೋ ಕೆನ್ನೆಯ ಸಂದಿಯಲ್ಲೋ ದಿನವೂ ಅದೇ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಸುಣ್ಣದ ಕ್ಷಾರ ನಿಕೋಟಿನನ್ನು ಬೇಗ ಬಿಡುಗಡೆ ಮಾಡುತ್ತದೆ. ಅಮಲು ಬೇಗ ಏರುವ ಗುಟ್ಟು ಅದೇ. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ಆ ಜಾಗದ ಮೃದು ಪೊರೆಯೂ ದಪ್ಪಗಾಗಿ ಬಿಳುಪೇರುತ್ತದೆ. ಉಜ್ಜಿದರೂ ಕೆರೆದರೂ ಹೋಗದ, ಬೇರೆ ರೋಗದ ಲಕ್ಷಣವೂ ಅಲ್ಲದ ಇಂತಹ ಬಿಳಿ ಮಚ್ಚೆಯನ್ನು ವೈದ್ಯರು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಎಲ್ಲ ಬಿಳಿ ಮಚ್ಚೆಯೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ಯಾವುದು ತಿರುಗಿಬೀಳುತ್ತದೆ, ಯಾವುದು ಸುಮ್ಮನಿರುತ್ತದೆ ಎಂಬುದನ್ನು ಬರಿಗಣ್ಣಿನಿಂದ ಹೇಳಲಾಗದು. ಬಿಳುಪಿನ ನಡುವೆ ಕೆಂಪು ಬೆರೆತರೆ, ಅಥವಾ ಮಖಮಲ್ಲಿನಂತಹ ಕೆಂಪು ಮಚ್ಚೆ ಎದ್ದರೆ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಬಿಳುಪು ಅಡಿಕೆಯದು. ನಮ್ಮ ಯುವಕರು ಮಾವಾ ಎಂದು ತಿನ್ನುವುದರಲ್ಲಿ ಅಡಿಕೆ, ಸುಣ್ಣ, ತಂಬಾಕು ಮೂರೂ ಇವೆ. ಅಡಿಕೆಯ ಅಂಶಗಳು ಪೊರೆಯ ಕೆಳಗೆ ನಾರಿನ ಪಟ್ಟಿಗಳನ್ನು ಹೆಣೆಯುತ್ತವೆ. ಕೆನ್ನೆ ರಬ್ಬರಿನ ಬದಲು ತೊಗಲಿನಂತಾಗುತ್ತದೆ, ಅಂಗಳು ಅಮೃತಶಿಲೆಯಂತೆ ಬಿಳಿಚಿಕೊಳ್ಳುತ್ತದೆ, ಖಾರ ಸುಡುತ್ತದೆ, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಸ್ಥಿತಿಯೂ ಕ್ಯಾನ್ಸರಿನ ಹೊಸ್ತಿಲೇ ಆಗಿದೆ. “ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಸುಪಾರಿ” ಎನ್ನುವವರು ಗಮನಿಸಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲೇ ಅಡಿಕೆಯನ್ನು, ತಂಬಾಕು ಬೆರೆಯದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮಗುವಿನ ಕೈಗೆ ನಾವು ಪ್ರೀತಿಯಿಂದ ಇಡುವ ಸಿಹಿ ಸುಪಾರಿಗೂ ಈ ಮಾತು ಅನ್ವಯಿಸುತ್ತದೆ.

ಜಾಗತಿಕ ಅಂದಾಜಿನಂತೆ 2020ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಸುಮಾರು 1 ಲಕ್ಷ 35 ಸಾವಿರ ಹೊಸ ಪ್ರಕರಣಗಳು ಕಂಡುಬಂದವು. ಆ ವರ್ಷ ಇಡೀ ಜಗತ್ತಿನಲ್ಲಿ ಕಂಡುಬಂದ ಪ್ರಕರಣಗಳಲ್ಲಿ ಇದು ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಒಂದಿಲ್ಲೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಜಗಿಯುವವರೇ ಹೆಚ್ಚು: ಸೇದುವವರು ಶೇ. 8.8, ಜಗಿಯುವವರು ಶೇ. 16.3. ಹೊಗೆಯಾದರೆ ಪಕ್ಕದವರಿಗೆ ತಿಳಿಯುತ್ತದೆ. ಕೆನ್ನೆಯೊಳಗಿನ ಉಂಡೆ ಯಾರಿಗೂ ತಿಳಿಯದು. ಮನೆಯ ಹೆಂಗಸರ ಮಿಶ್ರಿಯಂತೂ ಲೆಕ್ಕಕ್ಕೇ ಬರುವುದಿಲ್ಲ. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವುದನ್ನು ಚಟವೆಂದು ಅವರು ತಿಳಿದೇ ಇಲ್ಲ. ಗರ್ಭಿಣಿ ಅದನ್ನು ಬಳಸಿದರೆ ಶಿಶು ಕಡಿಮೆ ತೂಕದೊಂದಿಗೆ ಹುಟ್ಟುವ ಅಪಾಯವಿದೆ ಎಂದು ಅವರಿಗೆ ಹೇಳಿದವರೂ ವಿರಳ.

ವಿಜಯಪುರದ ಹಳೆಯ ಸಾಲ

ಈ ಚಟದ ಚರಿತ್ರೆಯಲ್ಲಿ ನಮ್ಮ ಊರಿನ ಹೆಸರು ಬಹಳ ಹಿಂದೆಯೇ ಸೇರಿದೆ. ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಕಾಲದಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಇಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡ. ಸುಮಾರು 1604ರ ವೇಳೆಗೆ ಹಿಂದಿರುಗುವಾಗ ಅದನ್ನು ಜೊತೆಗೆ ಒಯ್ದು, ರತ್ನಖಚಿತ ಕೊಳವೆಯೊಂದನ್ನು ಮಾಡಿಸಿ ಬಾದಶಾಹನ ಮುಂದಿಟ್ಟ. ಇದು ಮಕ್ಕಾ ಮದೀನಗಳಲ್ಲಿ ಪರಿಚಿತವಾದ ವಸ್ತು, ಔಷಧಿಯಾಗಿ ತಂದದ್ದು ಎಂಬ ಶಿಫಾರಸೂ ದರ್ಬಾರಿನಲ್ಲೇ ಕೇಳಿಬಂತು. ಅಕ್ಬರ್ ಒಂದೆರಡು ಬಾರಿ ಸೇದಿ ನೋಡಿದ. ಆಗ ಆಸ್ಥಾನದ ವೈದ್ಯ ತಡೆದ. ನಮ್ಮ ಗ್ರಂಥಗಳಲ್ಲಿ ಇಲ್ಲದ, ಪರೀಕ್ಷೆಗೊಳಪಡದ ವಸ್ತುವನ್ನು ಅರಸನಿಗೆ ಹೇಗೆ ಕೊಡಲಿ ಎಂಬುದು ಅವನ ಆಕ್ಷೇಪ. ಜಗತ್ತಿನ ಪ್ರತಿಯೊಂದು ರೂಢಿಯೂ ಒಮ್ಮೆ ಹೊಸದೇ ಆಗಿತ್ತಲ್ಲವೇ ಎಂದು ಅಸದ್ ಬೇಗ್ ವಾದಿಸಿದ. ವಾದದಲ್ಲಿ ಗೆದ್ದವನು ದೂತ. ಅಕ್ಬರ್ ಆ ಚಟ ಹಿಡಿಸಿಕೊಳ್ಳಲಿಲ್ಲ, ಆದರೆ ಸರದಾರರು ಹಿಡಿಸಿಕೊಂಡರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸುವಷ್ಟರಲ್ಲಿ ಅದು ಕೈಮೀರಿತ್ತು.

ಆ ವೈದ್ಯ ಕೇಳಿದ್ದು ಪರೀಕ್ಷೆಯನ್ನಷ್ಟೇ. ಕಳೆದ ನಾಲ್ಕು ಶತಮಾನಗಳಲ್ಲಿ ಆ ಪರೀಕ್ಷೆ ನಡೆದುಹೋಗಿದೆ. ಪ್ರಯೋಗಶಾಲೆಯಾದದ್ದು ನಮ್ಮ ಕೆನ್ನೆ. ಫಲಿತಾಂಶವೂ ಹೊರಬಿದ್ದಿದೆ. ಆದರೂ ನಾವು ಇನ್ನೂ ದೂತನ ಪಕ್ಷದಲ್ಲೇ ನಿಂತಿದ್ದೇವೆ. ವಿಪರ್ಯಾಸವೆಂದರೆ, ಅಂದು ಹೊಸ ರೂಢಿಯೆಂದು ಸಮರ್ಥಿಸಿದ್ದನ್ನು ಇಂದು ಹಳೆಯ ರೂಢಿಯೆಂದು ಸಮರ್ಥಿಸುತ್ತಿದ್ದೇವೆ.

ನೆಪಗಳ ಪಟ್ಟಿ

“ನಮ್ಮ ದಾದಾ ಎಂಬತ್ತು ವರ್ಷದವರೆಗೆ ತಂಬಾಕು ತಿಂದರು, ಏನೂ ಆಗಲಿಲ್ಲ.” ಎಂಬತ್ತು ದಾಟಿದ ದಾದಾ ಮಾತ್ರ ಮನೆಯ ಕಥೆಯಲ್ಲಿ ಉಳಿಯುತ್ತಾರೆ. ನಲವತ್ತೈದರಲ್ಲಿ ಬಾಯಿ ಹುಣ್ಣಾಗಿ ತೀರಿಕೊಂಡ ಅವರ ಜೊತೆಗಾರರ ಕಥೆಯನ್ನು ಹೇಳುವವರಾರು? ದಾರಿ ದಾಟುವಾಗ ಕಣ್ಣು ಮುಚ್ಚಿಯೂ ಬದುಕಿದವನೊಬ್ಬ ಸಿಕ್ಕಿದನೆಂದು ನಾವು ಮಕ್ಕಳಿಗೆ ಕಣ್ಣು ಮುಚ್ಚಿ ದಾಟಲು ಕಲಿಸುತ್ತೇವೆಯೇ?

“ಉಷ್ಣ ಆಗಿದೆ.” ನಮ್ಮ ಕಡೆ ಬಾಯಿಯ ಯಾವ ಹುಣ್ಣಿಗೂ ಇದೊಂದೇ ಉತ್ತರ. ಮೆಡಿಕಲ್ ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಗುಳಿಗೆ, ಮನೆಯಲ್ಲಿ ಮಜ್ಜಿಗೆ. ಉಷ್ಣದ ಹುಣ್ಣು ಎರಡು ವಾರದೊಳಗೆ ಮಾಯಬೇಕು. ಮಾಯದ ಹುಣ್ಣಿಗೆ, ಹೋಗದ ಮಚ್ಚೆಗೆ ಗುಳಿಗೆ ನುಂಗುತ್ತಾ ತಿಂಗಳು ಕಳೆದರೆ ಹಾಳಾಗುವುದು ಹಣವಲ್ಲ, ಬೆಲೆ ಕಟ್ಟಲಾಗದ ಸಮಯ.

“ಕತ್ತಿ ತಾಗಿದರೆ ಹರಡುತ್ತದೆ.” ಮಚ್ಚೆಯಿಂದ ಸಾಸಿವೆಯಷ್ಟು ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನು ತಪ್ಪಿಸಿಕೊಳ್ಳಲು ಹುಟ್ಟಿಕೊಂಡ ಮಾತಿದು. ಬಯಾಪ್ಸಿ ರೋಗವನ್ನು ಹರಡುವುದಿಲ್ಲ, ರೋಗಕ್ಕೆ ಹೆಸರು ಕೊಡುತ್ತದೆ. ಪರೀಕ್ಷೆಯ ನಂತರ ಕ್ಯಾನ್ಸರ್ ಎಂದು ತಿಳಿದವರು ಪರೀಕ್ಷೆಯಿಂದಲೇ ಕ್ಯಾನ್ಸರ್ ಬಂತೆಂದು ಭಾವಿಸಿದರು. ಜನ ಅದನ್ನೇ ಸತ್ಯವಾಗಿಸಿದರು.

“ಹರಾಮ್ ಅಲ್ಲವಲ್ಲ, ಮಕ್ರೂಹ್ ಅಷ್ಟೇ.” ಈ ಚರ್ಚೆ ವಿದ್ವಾಂಸರ ಪಾಲಿಗಿರಲಿ. ಆದರೆ ತನ್ನ ಕೈಯಾರೆ ತನ್ನನ್ನು ವಿನಾಶಕ್ಕೆ ದೂಡಿಕೊಳ್ಳಬಾರದೆಂಬ ಕುರ್‌ಆನಿನ ಆದೇಶದ ಬಗ್ಗೆ ಯಾವ ಪಂಗಡದಲ್ಲೂ ಎರಡು ಮಾತಿಲ್ಲ. ಹಸಿ ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದು ಕಲಿಸಿದ, ಹಲ್ಲುಕಡ್ಡಿಗೆ ಅಷ್ಟೊಂದು ಮಹತ್ವ ಕೊಟ್ಟ ಪ್ರವಾದಿಯವರ(ಸ) ಅನುಯಾಯಿಗಳು ವುಝೂ ಮಾಡುವ ಸ್ಥಳದಲ್ಲೇ ಕೆಂಪು ಉಗುಳನ್ನು ಬಿಟ್ಟು ಹೋಗುವುದನ್ನು ಯಾವ ಪದದಿಂದ ಸಮರ್ಥಿಸೋಣ? ಪದದ ಚರ್ಚೆ ಮುಗಿಯುವವರೆಗೆ ರೋಗ ಕಾಯುವುದಿಲ್ಲ.

ಎರಡು ಪೊಟ್ಟಣಗಳ ರಾಜಕೀಯ

“ಸರಕಾರ ನಿಷೇಧಿಸಲಿ” ಎಂಬುದು ಕೊನೆಯ ನೆಪ. ಸರಕಾರ ನಿಷೇಧಿಸಿದೆ. ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕು ಮತ್ತು ನಿಕೋಟಿನ್ ಬೆರೆಸಬಾರದೆಂಬ 2011ರ ಆಹಾರ ಸುರಕ್ಷತಾ ನಿಯಮದ ಆಧಾರದಲ್ಲಿ ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾವನ್ನು ನಿಷೇಧಿಸಿದವು. ಅಂದರೆ ಗಡಿಯ ಈಚೆಗೂ ಆಚೆಗೂ ಅದು ನಿಷಿದ್ಧ. ಉದ್ಯಮ ಕಂಡುಕೊಂಡ ಉಪಾಯ ಸರಳ. ಬೆರೆಸಿ ಮಾರಬಾರದೇ? ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ. ಬೆರೆಸುವ ಕೆಲಸ ಗಿರಾಕಿಯ ಅಂಗೈಯಲ್ಲಿ. ಕಾನೂನಿನ ಅಕ್ಷರ ಉಳಿಯಿತು, ಗುಟ್ಕಾವೂ ಉಳಿಯಿತು. ಪರದೆಯ ಮೇಲೆ ಸಿನಿಮಾ ತಾರೆಯರು ಏಲಕ್ಕಿಯ ಹೆಸರಿನಲ್ಲಿ ಅದೇ ಬ್ರಾಂಡುಗಳನ್ನು ಮೆರೆಸುತ್ತಾರೆ. ಒಂದು ಕೈಯಲ್ಲಿ ತೆರಿಗೆ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಎಚ್ಚರಿಕೆಯ ಚಿತ್ರ ಮುದ್ರಿಸುವ ವ್ಯವಸ್ಥೆಯಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಹೇಗೆ?

ಕಾನೂನುಗಳ ಕೊರತೆಯಂತೂ ಇಲ್ಲ. 2003ರ ಕೇಂದ್ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು ತಡೆಯುತ್ತದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ 21 ವರ್ಷದೊಳಗಿನವರಿಗೆ ಮಾರಾಟ ಮಾಡುವುದನ್ನು ನಿಷೇಧಿಸಿದೆ. ಮಗುವಿನ ಕೈಗೆ ತಂಬಾಕು ಕೊಡುವವನಿಗೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಕಠಿಣ ಶಿಕ್ಷೆಯಿದೆ. “ಹೋಗು, ಅಂಗಡಿಯಿಂದ ಅಬ್ಬಾನಿಗೆ ಒಂದು ಪುಡಿಕೆ ತಾ” ಎಂದು ಹತ್ತು ವರ್ಷದ ಮಗನನ್ನು ಕಳಿಸುವ ತಂದೆ, ಅದನ್ನು ಆ ಪುಟ್ಟ ಕೈಗೆ ಇಡುವ ಅಂಗಡಿಯವನು, ಇಬ್ಬರೂ ಈ ಕಾನೂನನ್ನು ಕೇಳಿಲ್ಲ.

ಇಲ್ಲಿ ಒಂದು ಕಹಿ ಸತ್ಯವನ್ನು ನಾವು ಒಪ್ಪಿಕೊಳ್ಳಬೇಕು. ಆ ಅಂಗಡಿಯವನು ಹಲವೆಡೆ ನಮ್ಮವನೇ. ಗಾಡಿ ಇಟ್ಟು ಪಾನ್ ಮಾರುವವನು ಬಡವ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಅವನನ್ನು ಮಿಂಬರಿನ ಮೇಲಿನಿಂದ ಬೈದು ಕೈತೊಳೆದುಕೊಳ್ಳುವುದು ಸುಲಭ. ಸುಧಾರಣೆ ಎಂದರೆ ಅದಲ್ಲ. ಝಕಾತಿನ ಹಣವನ್ನು ಸಂಗ್ರಹಿಸಿ ಹಂಚುವ ಜಮಾಅತ್‌ಗಳು, ಅರ್ಹನಾದ ಇಂತಹ ಒಬ್ಬನಿಗೆ ಹಣ್ಣಿನ ಗಾಡಿಯನ್ನೋ ಚಹಾದ ಅಂಗಡಿಯನ್ನೋ ಹಾಕಿಕೊಟ್ಟು ವರ್ಷಕ್ಕೆ ಒಂದಾದರೂ ತಂಬಾಕಿನ ಗಲ್ಲಾ ಮುಚ್ಚಿಸಲಾರವೇ? ಅವನ ಹೊಟ್ಟೆಪಾಡಿನ ಬಗ್ಗೆ ಮಾತನಾಡುವ ಹಕ್ಕು ನಮಗೆ ಬರುವುದು ಅದಕ್ಕೆ ದಾರಿ ತೋರಿಸಿದ ಮೇಲೆ.

ಬೇಕಾದದ್ದು ಒಂದು ಟಾರ್ಚು

ಈ ರೋಗವನ್ನು ಮೊದಲೇ ಹಿಡಿಯಲು ಬೇಕಾಗುವ ಸಲಕರಣೆ ಟಾರ್ಚು ಮತ್ತು ಎರಡು ಕಣ್ಣು. ಇದು ಉತ್ಪ್ರೇಕ್ಷೆಯಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಅಧ್ಯಯನವೊಂದರಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದಿತ್ತು. ಬರೀ ನೋಡಿದ್ದರಿಂದ, ನೋಡಿ ಸಕಾಲದಲ್ಲಿ ಆಸ್ಪತ್ರೆಗೆ ಕಳಿಸಿದ್ದರಿಂದ! ಮೂವತ್ತು ದಾಟಿದವರ ಬಾಯಿಯ ತಪಾಸಣೆ ಇಂದು ಸರಕಾರದ ಕಾರ್ಯಕ್ರಮದಲ್ಲೂ ಸೇರಿದೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳುವವರು ಬೇಕು.

ತಿಕೋಟಾ, ಬಬಲೇಶ್ವರಗಳು ಈಗ ತಾಲ್ಲೂಕುಗಳು. ತಾಲ್ಲೂಕು ಎಂದರೆ ತಹಶೀಲ್ದಾರ್ ಕಚೇರಿಯ ಫಲಕವಷ್ಟೇ ಅಲ್ಲ. ಬಾಯಿಯ ತಪಾಸಣೆ ವಾರಕ್ಕೊಮ್ಮೆಯಾದರೂ ಅಲ್ಲಿಯೇ ನಡೆಯಲಿ ಎಂದು ನಮ್ಮ ಪಂಚಾಯತ್ ಸದಸ್ಯರು, ಶಾಸಕರು ಒತ್ತಾಯಿಸಲಿ. ಅಲ್ಲಿಯವರೆಗೆ ದಾರಿ ಮುಚ್ಚಿಲ್ಲ. ತಿಕೋಟಾದ ಬಸ್ಸು ವಿಜಯಪುರ ಸೇರುವ ಅಥಣಿ ರಸ್ತೆಯಲ್ಲೇ ಅಲ್-ಅಮೀನ್ ವೈದ್ಯಕೀಯ ಸಂಸ್ಥೆಯಿದೆ. ಸಮುದಾಯವು ಕನಸು ಕಂಡು ಕಟ್ಟಿದ ಆ ಸಂಸ್ಥೆಗಳ ದಂತ ವಿಭಾಗದಲ್ಲಿ ಬಾಯಿ ತೋರಿಸಲು ತಗಲುವುದು ಒಂದು ಮುಂಜಾನೆ. 2023ರ ಜೂನ್‌ನಿಂದ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತ. ಮಿಶ್ರಿ ಉಜ್ಜುವ ತಾಯಿಗೆ ಟಿಕೆಟಿನ ಹಂಗೂ ಇಲ್ಲ. ನಗರದಲ್ಲಿ ಇಷ್ಟೆಲ್ಲ ಇದ್ದೂ, ಬಾಯಿಗೆ ಬೆರಳು ತೂರದಂತಾದ ಮೇಲೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹಾದಿ ಹಿಡಿಯುವುದು, ಹೊಲ ಮಾರಿ ಕೀಮೋಥೆರಪಿ ಕೊಡಿಸುವುದು ವಿಧಿಯೋ ನಮ್ಮ ಉದಾಸೀನವೋ?

ಆದ್ದರಿಂದ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಮನೆಯಲ್ಲಿ ತಿಂಗಳಿಗೊಮ್ಮೆ, ಹಗಲು ಬೆಳಕಿನಲ್ಲಿ, ಕನ್ನಡಿಯ ಮುಂದೆ ನಿಂತು ತುಟಿ ಮಡಚಿ, ಕೆನ್ನೆ ಎಳೆದು, ನಾಲಿಗೆ ಎತ್ತಿ ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಉಜ್ಜಿದರೆ ಹೋಗದ ಬಿಳುಪಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ಮರುದಿನವೇ ವೈದ್ಯರನ್ನು ಕಾಣಿ. ಜಮಾಅತ್‌ಗಳು ವರ್ಷಕ್ಕೆರಡು ಬಾರಿ ಮದರಸದ ಅಂಗಳದಲ್ಲಿ ತಪಾಸಣಾ ಶಿಬಿರ ನಡೆಸಲಿ, ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆಯಿರಲಿ. ಖತೀಬರು ಜುಮಾದ ಭಾಷಣವೊಂದನ್ನು ಇದಕ್ಕೆ ಮೀಸಲಿಡಲಿ, ಅದಕ್ಕೂ ಮೊದಲು ತಮ್ಮ ಜೇಬಿನಲ್ಲಿ ಡಬ್ಬಿಯಿದ್ದರೆ ಹೊರಗೆ ತೆಗೆದಿಡಲಿ. ನಿಕಾಹ್‌ನ ಊಟದ ನಂತರ ಅತಿಥಿಗಳ ಮುಂದೆ ಹಿಡಿಯುವ ತಟ್ಟೆಯಿಂದ ತಂಬಾಕು, ಅಡಿಕೆ ಎರಡೂ ಹೋಗಲಿ. ನಮ್ಮ ಜಿಲ್ಲೆಯ ಒಣದ್ರಾಕ್ಷಿ ಇರುವಾಗ ಆ ತಟ್ಟೆ ಬರಿದಾಗುವ ಭಯವೆಲ್ಲಿ?

ಬಿಡುವುದು ಸುಲಭವಲ್ಲ. ನಿಕೋಟಿನ್ ಹಿಡಿದ ದೇಹ ಮೊದಲ ವಾರಗಳಲ್ಲಿ ಸಿಡುಕುತ್ತದೆ, ನಿದ್ದೆ ಕೆಡಿಸುತ್ತದೆ. ಆಗ ನೆರವು ಕೇಳುವುದು ನಾಚಿಕೆಯಲ್ಲ. 1800 112 356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಬಿಟ್ಟವರಿಗೆ ಫಲವೂ ಇದೆ. ತಂಬಾಕು ನಿಂತೊಡನೆ ಅನೇಕರ ಬಿಳಿ ಮಚ್ಚೆ ವಾರ, ತಿಂಗಳುಗಳಲ್ಲಿ ತಿಳಿಯಾಗುತ್ತದೆ, ಕೆಲವರಲ್ಲಿ ಮಾಯವಾಗುತ್ತದೆ. ಅಡಿಕೆಯ ನಾರು ಮಾತ್ರ ಅಷ್ಟು ಸುಲಭವಾಗಿ ಕರಗುವುದಿಲ್ಲ. ಅಲ್ಲಿ ಮುಂದಿನ ಹಾನಿಯನ್ನು ತಡೆಯುವುದೇ ದೊಡ್ಡ ಗೆಲುವು. ಮಚ್ಚೆ ಹೋದವರೂ ವೈದ್ಯರ ಬಳಿ ಹೋಗುವುದನ್ನು ನಿಲ್ಲಿಸಬಾರದು.

ಮೊದಲು ಕಂಡ ಆ ಯುವಕನತ್ತ ಮತ್ತೊಮ್ಮೆ ನೋಡೋಣ. ತನ್ನಿಂದ ಬಿಡಲಾಗದು ಎಂದು ಅವನು ಹೇಳುತ್ತಾನೆ. ಆದರೆ ಫಜ್ರ್‌ನಿಂದ ಮಗ್‌ರಿಬ್‌ವರೆಗೆ, ಬೇಸಿಗೆಯ ಬಿಸಿಲಿನಲ್ಲಿ, ಮೂವತ್ತು ದಿನ, ಯಾರ ಕಾವಲೂ ಇಲ್ಲದೆ ಅವನು ಅದನ್ನು ಬಿಟ್ಟಿದ್ದನಲ್ಲ! ಹಗಲು ಗೆದ್ದವನಿಗೆ ಉಳಿದಿರುವುದು ರಾತ್ರಿ ಮಾತ್ರ. ಆ ರಾತ್ರಿಯಲ್ಲಿ ಅವನನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಹೊಣೆ. ಇಂದು ಸಂಜೆ ಊಟಕ್ಕೆ ಕುಳಿತಾಗ ಮನೆಯಲ್ಲಿ ಯಾರು ಖಾರ ಬಿಟ್ಟಿದ್ದಾರೆಂದು ಸುಮ್ಮನೆ ಗಮನಿಸಿ. ಊಟ ಮುಗಿದ ಮೇಲೆ ಬೈಯದೆ, ಬೆದರಿಸದೆ, ಅವರ ಪಕ್ಕದಲ್ಲಿ ಕುಳಿತು ಒಂದು ಮಾತು ಹೇಳಿ: “ಬಾಯಿ ತೆರೆ, ನೋಡೋಣ.”